ಗೋಡೆಗೆ ಒರಗಿ ನಿಂತವರಿಗೆ ಮೊದಲ ಬಾಲು

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿ ಹಾರೈಸಿದ ಎಲ್ಲರಿಗೂ ಮೊದಲು ಥ್ಯಾಂಕ್ಸ್. ಅಮ್ಮನಿಗೆ, ಅಣ್ಣನಿಗೆ, ಮೂರು ಚಳಿಗಾಲವೂ ಪ್ಯಾರಿಸ್‌ನಿಂದ ಹುಳಿಪುಡಿ, ಚಟ್ನಿಪುಡಿ ಪಾರ್ಸೆಲ್ ಕಳಿಸಿದ ಕನ್ನಡದ ಅಕ್ಕನಿಗೆ. ಗೈಡ್‌ಗೂ ಲ್ಯಾಬಿನವರಿಗೂ ಥೀಸಿಸ್‌ನ ಮೊದಲ ಪುಟದಲ್ಲೇ ಹೇಳಿಯಾಗಿದೆ. ಅಲ್ಲಿ ಹೇಳಲಾಗದ ಒಂದು ಋಣ ಉಳಿದಿದೆ. ಅದು ಒಂದು ಬಾಸ್ಕೆಟ್‌ಬಾಲ್ ಕ್ಲಬ್ಬಿನದು. ಪಿಂಗಾಣಿ ಬಗ್ಗೆ ಬರೆದ ಥೀಸಿಸ್‌ನಲ್ಲಿ ಬಾಸ್ಕೆಟ್‌ಬಾಲ್ ಯಾಕೆ ಅಂತ ಕೇಳ್ತಾರೆ ಅಲ್ವಾ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಫ್ರಾನ್ಸಿನ ಲಿಮೋಜ್‌ನಲ್ಲಿ. ಒಂದೂಕಾಲು ಲಕ್ಷ ಚಿಲ್ಲರೆ ಜನರ ಊರು. 1760ರ ದಶಕದಲ್ಲಿ ಪಕ್ಕದ ಸ್ಯಾಂ-ತಿರಿಯೆ ಎಂಬಲ್ಲಿ ಬಿಳಿ ಜೇಡಿಮಣ್ಣು ಸಿಕ್ಕಿತು. ಅಲ್ಲಿಂದ ಈ ಊರಿನ ಹೆಸರು ಪಿಂಗಾಣಿಗೇ ಅಂಟಿಕೊಂಡಿತು. ನಮ್ಮಪ್ಪ ಬೆಂಗಳೂರಿನಲ್ಲಿ ಪಿಂಗಾಣಿ ಇನ್ಸುಲೇಟರ್ ಮಾಡುವ ಕಾರ್ಖಾನೆಯಲ್ಲಿದ್ದರು. ಕರೆಂಟ್ ಕಂಬದ ಮೇಲೆ ಕಂದು ಬಟ್ಟಲು ಬೋರಲು ಹಾಕಿದ ಹಾಗೆ ಕಾಣುತ್ತಲ್ಲ, ಅದು. ಹಾಗಾಗಿ ಲಿಮೋಜ್ ಅಂದರೆ ಮನೆಯಲ್ಲಿ ಕಾಶಿ ಅಂದ ಹಾಗಿತ್ತು. ಆದರೆ ನಾನು ಬರುವ ಹೊತ್ತಿಗೆ ಅಪ್ಪ ಇರಲಿಲ್ಲ.

ಮೊದಲ ಚಳಿಗಾಲದಲ್ಲಿ, ಮಳೆ ಬಿದ್ದು ನುಣ್ಣಗಾಗಿದ್ದ ಕಲ್ಲುಹಾಸಿನ ಮೇಲೆ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯ ಕಾರಿಡಾರ್‌ನಲ್ಲಿ ಏಳು ಗಂಟೆ ಕೂತಿದ್ದೆ. ನನ್ನ ಹರಕು ಫ್ರೆಂಚ್‌ನಲ್ಲಿ ಯಾರನ್ನೂ ಏನೂ ಕೇಳುವ ಧೈರ್ಯ ಇರಲಿಲ್ಲ. ರಾತ್ರಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಎಡಗೈಯಲ್ಲಿ ಬೀಗ ತೆಗೆಯಲು ಪರದಾಡುತ್ತಿದ್ದಾಗ ಕೆಳಗಿನ ಮನೆಯ ಅಜ್ಜಿ ಬಾಗಿಲು ತೆರೆದು ನೋಡಿದರು. ಏನೂ ಕೇಳಲಿಲ್ಲ. ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಸೂಪ್ ಕೊಟ್ಟರು.

ಸೂಪ್ ಮುಗಿದ ಮೇಲೆ ತಾತ ಕಾಫಿ ತಂದರು. ಲೋಟ ಇಡುವ ಮುಂಚೆ ಅದರ ಅಂಚಿಗೆ ಉಗುರಿನಿಂದ ಒಮ್ಮೆ ಟಿಂಗ್ ಅನ್ನಿಸಿದರು. ನಾನು ಸುಮ್ನೆ ನಕ್ಕೆ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು. ಒಳಗೆ ಬಿರುಕು ಇಲ್ಲದಿದ್ದರೆ ಗಂಟೆ ಹೊಡೆದ ಹಾಗೆ ಕೇಳುತ್ತೆ, ಇದ್ದರೆ ಮಂಕಾಗಿ ಟಪ್ ಅನ್ನುತ್ತೆ. ನಾನೂ ಎಡಗೈಯಲ್ಲಿ ನನ್ನ ಲೋಟಕ್ಕೆ ಟಿಂಗ್ ಅನ್ನಿಸಿ ತೋರಿಸಿದೆ. ತಾತ ಮೂವತ್ತು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಇದ್ದವರಂತೆ. ಆಮೇಲೆ ಮಾತಿಗೆ ವ್ಯಾಕರಣ ಬೇಕಾಗಲಿಲ್ಲ.

ಎರಡು ವಾರದ ಮೇಲೆ ಒಂದು ಶನಿವಾರ ಸಂಜೆ ತಾತ ಹಸಿರು ಮಫ್ಲರ್ ತಂದು ನನ್ನ ಕೊರಳಿಗೆ ಸುತ್ತಿದರು. "ಸೆ-ಎಸ್-ಪೆ" ಅಂದರು. ನನಗೆ ಅದು ಯಾವುದೋ ಪರೀಕ್ಷೆಯ ಹೆಸರಿನ ಹಾಗೆ ಕೇಳಿಸಿತು. ಊರಿನ ಬಾಸ್ಕೆಟ್‌ಬಾಲ್ ಕ್ಲಬ್ಬಾದ ಸೆರ್ಕ್ಲ್ ಸ್ಯಾಂ-ಪಿಯೆರ್ ಅನ್ನುವುದರ ಚುಟುಕು ಅದು. ನಮ್ಮ ಮಾತಲ್ಲಿ ಹೇಳಿದರೆ ಸಂತ ಪೀಟರ್ ಬಳಗ. ಊರ ನಡುವಿನ ಸ್ಯಾಂ-ಪಿಯೆರ್ ಚರ್ಚಿನ ಹುಡುಗರ ಕೂಟ ಆಮೇಲೆ ಯೂರೋಪ್ ಗೆದ್ದ ಕಥೆ ಇದು.

ತಾತ ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಲಿಮೋಜ್ ಕೆಂಬಾವುಟದ ಊರು. ಫ್ರಾನ್ಸಿನ ದೊಡ್ಡ ಕಾರ್ಮಿಕ ಸಂಘ ಸಿಜಿಟಿ ಹುಟ್ಟಿದ್ದು ಇಲ್ಲೇ, 1895ರಲ್ಲಿ. 1905ರಲ್ಲಿ ಪಿಂಗಾಣಿ ಕಾರ್ಖಾನೆಗಳ ಮುಷ್ಕರ ಬೀದಿಗೆ ಬಂದು, ಸೈನ್ಯ ಇಳಿದು, ಜೀವವೂ ಹೋಯಿತು. ಅದೇ ವರ್ಷ ಚರ್ಚು ಬೇರೆ, ಸರ್ಕಾರ ಬೇರೆ ಎಂಬ ಕಾನೂನೂ ಬಂತು. ಶಾಲೆಗಳು ಆಗಲೇ ಪಾದ್ರಿಗಳ ಕೈಬಿಟ್ಟಿದ್ದವು. ಮಕ್ಕಳನ್ನು ಹತ್ತಿರ ಇಟ್ಟುಕೊಳ್ಳಲು ಅವರಿಗೆ ಉಳಿದಿದ್ದು ಶಾಲೆ ಇಲ್ಲದ ಹೊತ್ತು. ಆ ಹೊತ್ತಿಗೆ ನಡೆಸುತ್ತಿದ್ದ ಕೂಟವನ್ನು ಪಾತ್ರೊನಾಜ್ ಅನ್ನುತ್ತಾರೆ. ಸ್ವಲ್ಪ ಧರ್ಮಪಾಠ, ಸ್ವಲ್ಪ ನಾಟಕ, ಬ್ಯಾಂಡ್, ಜಾಸ್ತಿ ಆಟ. ಇಂಥವು ದೇಶದ ತುಂಬ ಇದ್ದವು. ಓಸೆರ್ ಊರಿನ ಫುಟ್‌ಬಾಲ್ ಕ್ಲಬ್ಬನ್ನೂ 1905ರಲ್ಲಿ ಒಬ್ಬ ಪಾದ್ರಿಯೇ ಕಟ್ಟಿದ್ದು.

ಬಾಸ್ಕೆಟ್‌ಬಾಲೇ ಯಾಕೆ ಅಂತ ಕೇಳಿದ್ದಕ್ಕೆ ತಾತ ಎರಡೂ ಕೈ ಅಗಲಿಸಿ "ಅಂಗಳ ಇಷ್ಟೇ ಇತ್ತು" ಅಂದರು. ಫುಟ್‌ಬಾಲಿಗೆ ಮೈದಾನ ಬೇಕು. ಇದಕ್ಕೆ ಚರ್ಚಿನ ಹಿಂದಿನ ಅಂಗಳ, ಎರಡು ಕಂಬ, ಎರಡು ರಿಂಗ್ ಸಾಕು. ತಮಾಷೆ ಏನೆಂದರೆ ಆಟ ಇವರದ್ದಲ್ಲ. ಯೂರೋಪಿನಲ್ಲಿ ಮೊದಲ ಬಾಸ್ಕೆಟ್‌ಬಾಲ್ ಪಂದ್ಯ ನಡೆದಿದ್ದು 1893ರ ಡಿಸೆಂಬರ್‌ನಲ್ಲಿ, ಪ್ಯಾರಿಸ್‌ನ ತ್ರೆವಿಸ್ ಬೀದಿಯಲ್ಲಿ, ವೈಎಂಸಿಎ ಎಂಬ ಪ್ರಾಟೆಸ್ಟೆಂಟ್ ಯುವಕರ ಸಂಘದ ಕಟ್ಟಡದಲ್ಲಿ. ಆ ಕೋರ್ಟ್ ಇನ್ನೂ ಇದೆ. ಪ್ರಾಟೆಸ್ಟೆಂಟರು ತಂದರು, ಕ್ಯಾಥೊಲಿಕ್ ಪಾದ್ರಿಗಳು ಊರೂರಿಗೆ ಹಬ್ಬಿಸಿದರು. ನಮ್ಮ ಕಡೆಗೂ ಈ ಆಟ ವೈಎಂಸಿಎಯವರಿಂದಲೇ ಬಂತು. ನನ್ನ ಹೈಸ್ಕೂಲ್ ಪಿಟಿ ಮೇಷ್ಟ್ರು ಮದ್ರಾಸಿನ ವೈಎಂಸಿಎ ಕಾಲೇಜಿನಲ್ಲಿ ಕಲಿತವರು, ಮಾತು ಮಾತಿಗೂ ಅದನ್ನು ಹೇಳುತ್ತಿದ್ದರು.

ಕ್ಲಬ್ ಶುರುವಾಗಿದ್ದು 1929ರಲ್ಲಿ. ಹಸಿರು ಗುಮ್ಮಟದ ನಮ್ಮ ಬೆನೆದಿಕ್ತ್ಯಾಂ ರೈಲ್ವೆ ಸ್ಟೇಷನ್ ಉದ್ಘಾಟನೆ ಆಗಿದ್ದೂ ಅದೇ ವರ್ಷ. ಊರಿಗೆ ಬರಲು ಬಾಗಿಲು ಅದು, ಕೂರಲು ಜಗಲಿ ಇದು ಅಂತ ತಾತನ ಲೆಕ್ಕ. 50ರ ದಶಕದಲ್ಲಿ ತಾತ ಅಂಗಳದ ಹುಡುಗ. ಆಗ ಫ್ರಾನ್ಸಿನ ಶಾಲೆಗಳಿಗೆ ವಾರದ ನಡುವಿನ ರಜೆ ಗುರುವಾರ. ತಾತನ ಅಪ್ಪ ಪಕ್ಕಾ ಕೆಂಬಾವುಟದವರು, ಪಾದ್ರಿ ಎದುರು ಬಂದರೆ ರಸ್ತೆ ದಾಟುವವರು. ಅಮ್ಮ ಮಾತ್ರ ಗುರುವಾರ ಮಗನನ್ನು ಸದ್ದಿಲ್ಲದೆ ಕಳಿಸುತ್ತಿದ್ದರು. ಉದ್ದ ಕರಿ ನಿಲುವಂಗಿ ತೊಟ್ಟ ಪಾದ್ರಿ ಅದರ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಡಿಸುತ್ತಿದ್ದರಂತೆ. ಅವರದ್ದು ಒಂದೇ ನಿಯಮ. ಹೊಸದಾಗಿ ಬಂದು ಗೋಡೆಗೆ ಒರಗಿ ನಿಂತ ಹುಡುಗನಿಗೆ ಮೊದಲ ಬಾಲು. ಹಿಡಿಯಲು ಬರದಿದ್ದರೂ ಅವನಿಗೇ ಮೊದಲು. ತಾತನ ಮೂಗಿಗೆ ಬಡಿದಿತ್ತಂತೆ.

ನಿಧಾನವಾಗಿ ಕ್ಲಬ್ ಚರ್ಚಿನ ಅಂಗಳ ದಾಟಿತು. 70ರ ದಶಕದಲ್ಲಿ ಗ್ಸಾವಿಯೆ ಪೊಪೆಲಿಯೆ ಅಧ್ಯಕ್ಷರಾದರು, 1978ರಲ್ಲಿ ಮೊದಲ ದರ್ಜೆಗೆ ಏರಿತು. ಹಗಲು ಕೆಲಸ, ಸಂಜೆ ಆಟ ಅನ್ನುವ ಕಾಲ ಮುಗಿದು ಸಂಬಳದ ಆಟಗಾರರು ಬಂದರು. ಬೋಬ್ಲಾಂ ಎಂಬ ದೊಡ್ಡ ಕ್ರೀಡಾಂಗಣ ಬಂತು. 1982 ಮತ್ತು 1983ರಲ್ಲಿ ಕೊರಾಚ್ ಕಪ್ ಗೆದ್ದರು, ಯೂರೋಪಿನ ಕ್ಲಬ್ಬುಗಳ ಕೆಳಹಂತದ ಕಪ್ ಅದು. ಎರಡೂ ಫೈನಲ್‌ನಲ್ಲಿ ಸೋತಿದ್ದು ಮುಂದೆ ದೊಡ್ಡ ತಾರೆಯಾದ ದ್ರಾಜೆನ್ ಪೆಟ್ರೊವಿಚ್ ಹರೆಯದಲ್ಲಿ ಆಡುತ್ತಿದ್ದ ಯುಗೊಸ್ಲಾವಿಯಾದ ಶಿಬೆಂಕಾ ತಂಡ. ಹೆಸರಿನಲ್ಲಿ ಸಂತ ಪೀಟರ್ ಮಾತ್ರ ಹಾಗೇ ಉಳಿದ. ಕೆಂಪು ಊರಿನ ಕಾಮ್ರೇಡ್‌ಗಳೂ ಶನಿವಾರ ಸಂಜೆ ಸಂತ ಪೀಟರ್ ಹೆಸರು ಕೂಗುತ್ತಾರೆ!

ಇನ್ನು 1993. ಇದನ್ನು ತಾತ ನನಗೆ ಇಪ್ಪತ್ತು ಸಲವಾದರೂ ಹೇಳಿದ್ದಾರೆ, ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಜೋಡಿಸಿ. ಗ್ರೀಸಿನ ಪಿರೇಯಸ್‌ನಲ್ಲಿ ಯೂರೋಪಿನ ಅತಿ ದೊಡ್ಡ ಕ್ಲಬ್ ಕಪ್ಪಿನ ಕೊನೆಯ ನಾಲ್ಕು ತಂಡಗಳು. ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್. ಅವರ ಕಡೆ ಏಳಡಿ ಮೀರಿದ ಸಬೋನಿಸ್. ಲಿಮೋಜ್ 62–52ರಲ್ಲಿ ಗೆದ್ದಿತು. ಏಪ್ರಿಲ್ 15ರ ಫೈನಲ್‌ನಲ್ಲಿ ಇಟಲಿಯ ಟ್ರೆವಿಸೊ, ಅವರ ತಾರೆ ಟೋನಿ ಕುಕೋಚ್. ನಮ್ಮ ಕೋಚ್ ಬೋಜಿದಾರ್ ಮಾಲ್ಕೊವಿಚ್ ಲೆಕ್ಕ ಸರಳ: ಅವರಷ್ಟು ಚೆನ್ನಾಗಿ ನಾವು ಆಡಲಾರೆವು, ಅವರನ್ನು ಆಡಲು ಬಿಡದೆ ಇರಬಲ್ಲೆವು. ಬಾಲು ಹಿಡಿದು ಹೊತ್ತು ಕಳೆದರು, ಒಂದೊಂದು ಬುಟ್ಟಿಗೂ ಎದುರಾಳಿಯ ಬೆವರು ಇಳಿಸಿದರು. ನೋಡಲು ಚಂದ ಇರಲಿಲ್ಲ, ನಾನೂ ವಿಡಿಯೋ ನೋಡಿದ್ದೇನೆ. ಟ್ರೆವಿಸೊ ಕೋಚ್ ಆಮೇಲೆ ಇದು ಆಟವೇ ಅಲ್ಲ ಅಂತ ಸಿಡುಕಿದರು. ಕೊನೆಯ ಸೆಕೆಂಡುಗಳಲ್ಲಿ ಕುಕೋಚ್ ಕೈಯಿಂದ ಬಾಲು ಕಸಿದಿದ್ದು ನಮ್ಮ ಫ್ರೆಡೆರಿಕ್ ಫೋರ್ಟ್, ಬಾಲು ಮುನ್ನಡೆಸುವ 23 ವರ್ಷದ ಗಿಡ್ಡ ಗಾರ್ಡ್. ಆ ಜಾಗಕ್ಕೆ ಬಂದಾಗ ತಾತ ಮೆಣಸಿನ ಡಬ್ಬಿಯನ್ನು ಜೇಬಿಗೇ ಹಾಕಿಕೊಳ್ಳುತ್ತಾರೆ. 59–55. ಫ್ರಾನ್ಸಿನದೇ ಆದ ಮಾರ್ಸೇ ತಂಡ ಫುಟ್‌ಬಾಲಿನಲ್ಲಿ ಯೂರೋಪ್ ಗೆದ್ದಿದ್ದು ಅದಾಗಿ ಸುಮಾರು ಆರು ವಾರದ ಮೇಲೆ. "ನಾವು ಮೊದಲು" ಅನ್ನುವುದನ್ನು ಈ ಊರಲ್ಲಿ ಚಿಕ್ಕ ಮಕ್ಕಳೂ ಹೇಳುತ್ತಾರೆ.

ಆದರೆ ನನಗೆ ಆಧಾರವಾಗಿದ್ದು ಗೆದ್ದ ಕಥೆ ಅಲ್ಲ. ಎರಡನೇ ವರ್ಷ ನನ್ನ ಸ್ಯಾಂಪಲ್‌ಗಳು ಕುಲುಮೆಯಲ್ಲಿ ಒಂದೊಂದಾಗಿ ಬಿರುಕು ಬಿಟ್ಟವು. ಹನ್ನೊಂದು ತಿಂಗಳ ಕೆಲಸ. ತಪ್ಪು ನನ್ನದೇ, ಬಿಸಿ ಏರಿಸುವಲ್ಲಿ ಅವಸರ ಮಾಡಿದ್ದೆ. ಬಿಟ್ಟು ಊರಿಗೆ ಬರ್ತೀನಿ ಅಂತ ಅಮ್ಮನಿಗೆ ಹೇಳಿಯೂ ಆಗಿತ್ತು. ಅವತ್ತು ತಾತ 2000ದ ಕಥೆ ತೆಗೆದರು. ಆ ವರ್ಷ ಕ್ಲಬ್ ಲೀಗ್ ಗೆದ್ದಿತು, ಫ್ರೆಂಚ್ ಕಪ್ ಗೆದ್ದಿತು, ಕೊರಾಚ್ ಕಪ್ಪನ್ನೂ ಗೆದ್ದಿತು. ಮೂರು ಕಪ್ ಎತ್ತಿದ ತಂಡವನ್ನು, ಹಣದ ಲೆಕ್ಕ ಕೆಟ್ಟಿದ್ದಕ್ಕೆ, ಅದೇ ಬೇಸಿಗೆಯಲ್ಲಿ ಎರಡನೇ ದರ್ಜೆಗೆ ತಳ್ಳಿದರು. 2004ರಲ್ಲಿ ದಿವಾಳಿಯೇ ಆಗಿ ಮೂರನೇ ದರ್ಜೆಗೆ ಇಳಿಯಿತು. ಯೂರೋಪ್ ಚಾಂಪಿಯನ್ ಆಗಿದ್ದ ಕ್ಲಬ್ ಸಣ್ಣ ಸಣ್ಣ ಊರಿನ ಜಿಮ್‌ಗಳಿಗೆ ಆಡಲು ಹೋಗಬೇಕಾಯಿತು. ಆಗ ಅಧ್ಯಕ್ಷನಾಗಿ ವಾಪಸ್ ಬಂದವನು ಅದೇ ಬಾಲು ಕಸಿದ ಫೋರ್ಟ್. 2014ರಲ್ಲಿ ಮತ್ತೆ ಫ್ರಾನ್ಸ್ ಚಾಂಪಿಯನ್, 2015ರಲ್ಲಿ ಇನ್ನೊಮ್ಮೆ. 2017ರ ಡಿಸೆಂಬರ್ 31ರಂದು ಫೋರ್ಟ್ ತೀರಿಕೊಂಡರು. 47 ವರ್ಷ. ತಾತ ಇದನ್ನು ಹೇಳುವಾಗ ಡಬ್ಬಿಗಳನ್ನು ಮುಟ್ಟಲಿಲ್ಲ.

ಮೂರನೇ ದರ್ಜೆಯ ಪಂದ್ಯಗಳಿಗೂ ಹೋಗ್ತಿದ್ರಾ ಅಂತ ಕೇಳಿದೆ. ಅಜ್ಜಿ ಅಡುಗೆಮನೆಯಿಂದಲೇ "ಮತ್ತೆ ಶನಿವಾರ ಎಲ್ಲಿಗೆ ಹೋಗೋದು?" ಅಂದರು. ಸೋಮವಾರ ಲ್ಯಾಬಿಗೆ ಹೋಗಿ ಹೊಸದಾಗಿ ಪುಡಿ ತೂಗಿದೆ.

ತಾತ, ನಿಮಗೆ ಥ್ಯಾಂಕ್ಸ್. ನಮ್ಮ ಸಾಲಿನಲ್ಲಿ ಕೂರುತ್ತಿದ್ದ ಬೇಕರಿಯವರಿಗೆ, ನನ್ನ ಫ್ರೆಂಚ್ ಸರಿಮಾಡುತ್ತಿದ್ದ ಅವರ ಎಂಟು ವರ್ಷದ ಮೊಮ್ಮಗಳಿಗೆ, ಹಿಂದಿನ ಸಾಲಿನಲ್ಲಿ ಡೋಲು ಬಡಿದು ನನ್ನ ಕಿವಿ ಕೆಡಿಸಿದ ಹುಡುಗರಿಗೂ. ನನ್ನ ವೈವಾಗೆ ನೀವೆಲ್ಲ ಹಸಿರು ಮಫ್ಲರ್ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದಿರಿ. ಹೊರಗಿಂದ ಬಂದ ಪರೀಕ್ಷಕರು ಏನೆಂದುಕೊಂಡರೋ.

ಅಜ್ಜಿಗೆ ಬೇರೆಯಾಗಿ ಹೇಳಬೇಕು. ಅವರಿಗೆ ಬಾಸ್ಕೆಟ್‌ಬಾಲ್ ಅಂದರೆ ಅಷ್ಟಕ್ಕಷ್ಟೇ. ಅರ್ಧ ಪಂದ್ಯ ಹೆಣಿಗೆ ಹಾಕುತ್ತಾ ಕಳೆಯುತ್ತಾರೆ, ಮೂರು ಪಾಯಿಂಟ್ ಗೆರೆ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಮೊದಲ ಶನಿವಾರ ಐದು ಸಾವಿರ ಜನ ಒಟ್ಟಿಗೆ ಚಪ್ಪಾಳೆ ತಟ್ಟುವಾಗ ನಾನು ಪ್ಲಾಸ್ಟರ್ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದೆ. ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಅಂತ ನಮ್ಮ ಕಡೆ ಗಾದೆಯೇ ಇದೆಯಲ್ಲ. ಅಜ್ಜಿ ಹೆಣಿಗೆ ಕೆಳಗಿಟ್ಟು ತಮ್ಮ ಅಂಗೈ ನನ್ನ ಮುಂದೆ ಚಾಚಿದರು. ನನ್ನ ಎಡಗೈಯಿಂದ ಅದಕ್ಕೆ ತಟ್ಟಿದೆ. ಪಂದ್ಯ ಮುಗಿಯುವವರೆಗೂ ಹಾಗೇ ತಟ್ಟಿದೆವು. ಅವರ ಕೈ ಕೆಂಪಾಗಿತ್ತು.

ನಾಳೆ ಇದನ್ನು ಅವರಿಬ್ಬರಿಗೆ ಫ್ರೆಂಚ್‌ನಲ್ಲಿ ಓದಿ ಹೇಳಬೇಕು. ತಾತ ಸ್ಕೋರ್ ಸರಿ ಇದೆಯಾ ಅಂತ ನೋಡುತ್ತಾರೆ. ಅಜ್ಜಿ ಸೂಪಿನ ವಿಷಯ ಹಾಕಿದೆಯಾ ಅಂತ ಕೇಳುತ್ತಾರೆ. ಹಾಕಿದ್ದೇನೆ ಅಜ್ಜಿ: ಲೀಕ್, ಆಲೂಗಡ್ಡೆ, ಬೆಣ್ಣೆ, ಉಪ್ಪು. ಹುಳಿಪುಡಿ ಮಾತ್ರ ನೀವು ಆ ಕಡೆ ತಿರುಗಿದಾಗ ನಾನು ಸೇರಿಸಿಕೊಂಡಿದ್ದು.