ಹಿಮದಲ್ಲಿ ಬಿದಿರು

ಅಪ್ಪನಿಗೆ ನಮಸ್ಕಾರ,

"ಹಿಮ ಬೀಳೋ ಕಡೆ ಬಿದಿರಾ?" ಅಂತ ಫೋನಿನಲ್ಲಿ ನಕ್ಕಿರಲ್ಲ, ಇದು ಅದರ ಮೂರನೇ ಚಳಿಗಾಲ. ಇನ್ನೂ ಹಸಿರಾಗಿಯೇ ಇದೆ.

ಹೆಸರು ಫಾರ್ಗೇಸಿಯಾ ಮ್ಯೂರಿಯೆಲೆ. ಚೀನಾದ ಎತ್ತರದ ಬೆಟ್ಟಗಳದ್ದು. ಗಳ ಬೆರಳು ದಪ್ಪ ಅಷ್ಟೇ. ಮೈನಸ್ 20 ಡಿಗ್ರಿಗೂ ಜಗ್ಗುವುದಿಲ್ಲ. ಬೇರು ಎಲ್ಲೆಂದರಲ್ಲಿ ಓಡದೆ ಒಂದೇ ಕಡೆ ಮೆಳೆ ಕಟ್ಟುತ್ತದೆ, ಹಾಗಾಗಿ ಪಕ್ಕದ ಮನೆಯವರ ಜೊತೆ ಜಗಳವಿಲ್ಲ.

ಮೊದಲ ಚಳಿಗಾಲದಲ್ಲಿ ಮಾತ್ರ ಹೆದರಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಬೀಡಿಯ ಹಾಗೆ ಉದ್ದಕ್ಕೆ ಸುತ್ತಿಕೊಂಡಿದ್ದವು. ಗಳಗಳು ಹಿಮದ ಭಾರಕ್ಕೆ ಬಾಗಿ ನೆಲ ಮುಟ್ಟಿದ್ದವು. ಸತ್ತೇ ಹೋಯಿತು ಅಂದುಕೊಂಡೆ. ಬುಡ ಕೆದಕಲು ಹೋದರೆ ಮಣ್ಣು ಕಲ್ಲಾಗಿತ್ತು. ಆಮೇಲೆ ಗೊತ್ತಾಯಿತು: ಮಣ್ಣು ಹೆಪ್ಪುಗಟ್ಟಿದಾಗ ಬೇರಿಗೆ ನೀರು ಸಿಗದು, ಗಾಳಿ ಮಾತ್ರ ಎಲೆಯನ್ನು ಒಣಗಿಸುತ್ತಲೇ ಇರುತ್ತದೆ. ಅದಕ್ಕೇ ಗಿಡ ಎಲೆ ಸುತ್ತಿಕೊಳ್ಳುವುದು. ಕೋಲಿನಿಂದ ಹಿಮ ಕೊಡವಿದೆ. ಗಳಗಳು ಒಂದೊಂದಾಗಿ ತಲೆ ಎತ್ತಿದವು. ಅವಸರ ಮಾಡಿ ಎರಡನ್ನು ಪಟ್ಟಂತ ಮುರಿದೆ, ಅದೂ ನಿಜ. ಬಿಸಿಲೇರಿದ ಮೇಲೆ ಎಲೆ ಬಿಚ್ಚಿಕೊಂಡಿತು.

ಹಿಮಾಲಯದ ಇನ್ನೊಂದು ಜಾತಿ ತಂದಿದ್ದೆ, ಹಿಮಾಲಯಕ್ಯಾಲಮಸ್. ಹಿಮಾಲಯ ಅಂದಮೇಲೆ ಚಳಿ ತಡೆಯುತ್ತದೆ ಅಂದುಕೊಂಡಿದ್ದು ನನ್ನ ದಡ್ಡತನ. ಅದು ಮಳೆ ಬೀಳುವ ಕಾಡಿನ ನೆರಳಲ್ಲಿ ಬೆಳೆಯುವ ಬಿದಿರು. ಮೈನಸ್ 10ರ ಹತ್ತಿರ ಹೋದರೆ ಅದಕ್ಕೆ ಕಷ್ಟ. ತಡವಾಗಿ ಎದ್ದ ಕಳಲೆಗಳು ಬಲಿಯುವ ಮೊದಲೇ ಹಿಮ ಬಿತ್ತು, ಎಲ್ಲ ಕಪ್ಪಾದವು. ಬೇಸಿಗೆಯಲ್ಲಿ ಬುಡದಿಂದ ಮತ್ತೆ ಎರಡು ಚಿಗುರು ಬಂದಿವೆ. ಈಗ ಅದು ಕುಂಡದಲ್ಲಿ, ಮನೆಯೊಳಗೆ ತಣ್ಣಗಿರುವ ಮೂಲೆಯಲ್ಲಿದೆ.

ಬಿದಿರು ಹೂಬಿಟ್ಟರೆ ಮೆಳೆಯೇ ಸಾಯುತ್ತದೆ ಅಂತೀರಲ್ಲ, ಮ್ಯೂರಿಯೆಲೆಗೂ ಅದೇ ಆಗಿದೆ. 1907ರಲ್ಲಿ ಅರ್ನೆಸ್ಟ್ ವಿಲ್ಸನ್ ಅನ್ನುವ ಸಸ್ಯ ಸಂಗ್ರಾಹಕರು ಚೀನಾದ ಹುಬೈನಲ್ಲಿ ಇದನ್ನು ಕಂಡರು. ವಿಲ್ಸನ್ ಅವರ ಮಗಳ ಹೆಸರು ಮ್ಯೂರಿಯಲ್, ಅದನ್ನೇ ಇದಕ್ಕೆ ಇಟ್ಟರು. ಆಮೇಲೆ ತೋಟದಿಂದ ತೋಟಕ್ಕೆ ಬುಡ ಒಡೆದು ಹಂಚಿ ಬೆಳೆಸಿದರು. 1990ರ ದಶಕದಲ್ಲಿ ಯುರೋಪಿನ ತೋಟಗಳಲ್ಲಿ ಇವು ಸಾಲಾಗಿ ಹೂಬಿಟ್ಟು ಒಣಗಿದವು. ಈಗ ಅಂಗಡಿಯಲ್ಲಿ ಸಿಗುವುದು ಆ ಬಿದಿರಕ್ಕಿಯಿಂದ ಹುಟ್ಟಿದ ಸಂತತಿ. ನನ್ನ ಕಾಲದಲ್ಲಂತೂ ಇದು ಹೂಬಿಡಲ್ಲ ಬಿಡಿ!

ಫೋಟೋ ಇಟ್ಟಿದ್ದೇನೆ. ಬುಡದ ತರಗೆಲೆ ನೋಡಿ ಅಮ್ಮ ಬೈಯುತ್ತಾಳೆ, ಗೊತ್ತು. ಗುಡಿಸಬಾರದು, ಬೇರಿಗೆ ಅದೇ ಹೊದಿಕೆ ಅಂತ ಹೇಳಿ. ಸ್ವಲ್ಪ ಸೋಮಾರಿತನವೂ ಹೌದು.

ನಿಮ್ಮ ಮಗಳು