ನಮ್ಮ ಸರ್ವರ್ ಎಬ್ಬಿಸಿಕೊಟ್ಟ ಆ ಹುಡುಗನಿಗೆ ಥ್ಯಾಂಕ್ಸ್

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಆಫೀಸು. ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಆನ್ ಆಯಿತು, ಆದರೆ ಅದರೊಳಗಿನ ವರ್ಚುವಲ್ ಮಷಿನ್ (ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಒಂದೂ ಏಳಲಿಲ್ಲ. ಅವುಗಳ ಡಿಸ್ಕ್ ಎಲ್ಲಾ ಇರುವುದು ಪಕ್ಕದ ನ್ಯಾಸ್ ಪೆಟ್ಟಿಗೆಯಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ಪೆಟ್ಟಿಗೆಯಲ್ಲಿ; ಸರ್ವರ್‌ಗೆ ಅವು ಸಿಗುವುದು ಎನ್‌ಎಫ್‌ಎಸ್ ಅನ್ನೋ ಫೈಲ್ ಹಂಚಿಕೆ ವ್ಯವಸ್ಥೆ ಮೂಲಕ. ರಿಟರ್ನ್ಸ್ ಸಲ್ಲಿಸುವ ಕೊನೆಯ ವಾರ ಬೇರೆ, ಬೆಂಚಿನ ತುಂಬಾ ಜನ. ನನಗೆ ಬೆವರು.

ಸರದಿಯಲ್ಲಿ ಕೂತಿದ್ದ ನೀವು ಎದ್ದು ಬಂದು "ಸಾರ್, ಒಂದ್ಸಲ ನೋಡ್ಲಾ?" ಅಂದಿರಿ. ಕೀಬೋರ್ಡ್ ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತು, ಒಂದೊಂದೇ ಕಮಾಂಡ್ ಹೇಳಿ, ನನ್ನ ಕೈಯಲ್ಲೇ ಟೈಪ್ ಮಾಡಿಸಿದಿರಿ. ಒಳಗಿರುವುದು ಗ್ರಾಹಕರ ಲೆಕ್ಕ ಅಲ್ವಾ, ಅದು ನಿಮಗೇ ಹೊಳೆದಿರಬೇಕು. ಮಷಿನ್‌ಗಳ ಡಿಸ್ಕ್ ಇಡುವ ಜಾಗಗಳ, ಅಂದರೆ ಸ್ಟೋರೇಜ್ ಪೂಲ್‌ಗಳ ಪಟ್ಟಿಯಲ್ಲಿ ಆಟೋಸ್ಟಾರ್ಟ್ (ತಾನಾಗೇ ಶುರುವಾಗುವುದು) "ಯೆಸ್" ಅಂತಲೇ ಇತ್ತು, ಆದರೂ ಪೂಲ್ ಇನ್‌ಆಕ್ಟಿವ್. "ನೆಟ್‌ವರ್ಕ್ ಬರೋ ಮೊದಲೇ ಲಿಬ್‌ವರ್ಟ್ ನ್ಯಾಸ್ ಹುಡುಕಿದೆ, ಸಿಗದೆ ಸುಮ್ನಾಗಿದೆ" ಅಂದಿರಿ. ಲಿಬ್‌ವರ್ಟ್ ಅಂದರೆ ವರ್ಚುವಲ್ ಮಷಿನ್‌ಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್. ಪೂಲ್ ಕೈಯಾರೆ ಸ್ಟಾರ್ಟ್ ಮಾಡಿ ಮಷಿನ್‌ಗಳನ್ನು ಎಬ್ಬಿಸಿದ್ದಾಯಿತು.

ಅಲ್ಲಿಗೇ ಹೋಗಬಹುದಿತ್ತು, ಹೋಗಲಿಲ್ಲ. ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್, ಅಂದರೆ ನೆಟ್‌ವರ್ಕ್ ಸಿದ್ಧವಾಗುವ ಹಂತ, ಆದ ಮೇಲೇ ಲಿಬ್‌ವರ್ಟ್ ಶುರುವಾಗುವ ಹಾಗೆ ಮಾಡಿಸಿದಿರಿ. ನ್ಯಾಸ್ ಸರ್ವರ್‌ಗಿಂತ ನಿಧಾನವಾಗಿ ಏಳುತ್ತೆ ಅಂತ, ಅದರ 2049 ಪೋರ್ಟ್ (ಎನ್‌ಎಫ್‌ಎಸ್ ಬಳಸುವ ಬಾಗಿಲು) ಉತ್ತರಿಸುವವರೆಗೆ ಕಾಯುವ ಪುಟ್ಟ ಸ್ಕ್ರಿಪ್ಟನ್ನೂ ಸೇರಿಸಿದಿರಿ. "ಸರ್ವರ್, ನ್ಯಾಸ್ ಎರಡೂ ಆಫ್ ಮಾಡಿ ನೋಡೇಬಿಡೋಣ, ಇಲ್ಲಾಂದ್ರೆ ರಾತ್ರಿ ನಿಮಗೆ ನಿದ್ದೆ ಬರಲ್ಲ" ಅಂದಾಗ ಎದೆ ಡವಡವ. ಎಲ್ಲವೂ ತಾನಾಗೇ ಎದ್ದವು! ಬದಲಿಸಿದ್ದನ್ನೆಲ್ಲ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಟ್ಟು, ಅರ್ಧ ಕಾಫಿ ಕುಡಿದು, ಯಾವುದೋ ಫೋನ್ ಬಂತು ಅಂತ ಓಡಿದಿರಿ. ಹೆಸರು ಕೇಳಲೂ ಆಗಲಿಲ್ಲ.

ನಿಮ್ಮ ರಿಟರ್ನ್ ಇನ್ನೂ ಬಾಕಿ ಇದೆ ಮಾರಾಯ್ರೇ. ಬನ್ನಿ, ಸರದಿ ಬೇಡ, ಫೀಸೂ ಬೇಡ.