ಹುಲಿಯ ಎದುರು ನಿಲ್ಲುವ ಜಿಂಕೆ

ಮೈಸೂರು

ಪ್ರಿಯ ಗೆಳೆಯಾ,

ಕಬಿನಿ ಹಿನ್ನೀರಿನ ಚಿತ್ರಗಳನ್ನು ನೋಡಿ ನೀನು ಬರೆದಿದ್ದೆಯಲ್ಲ, 'ಪಾಪ, ಜಿಂಕೆಯ ಬಾಳೆಲ್ಲ ಹೆದರಿ ಓಡುವುದರಲ್ಲೇ ಕಳೆಯುತ್ತದೆ' ಎಂದು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಹುಲಿಯನ್ನು ಕಂಡ ಜಿಂಕೆ ಎಷ್ಟೋ ಸಲ ಓಡುವುದೇ ಇಲ್ಲ. ಬಾಲವೆತ್ತಿ, ಮುಂಗಾಲಿನಿಂದ ನೆಲ ಗುದ್ದಿ, ಹುಲಿಯ ಕಡೆಗೇ ಮುಖ ಮಾಡಿ ಕೂಗುತ್ತದೆ. ಹೊಂಚು ಹಾಕಿ ತೀರ ಹತ್ತಿರ ಬಂದರಷ್ಟೇ ಹುಲಿಗೆ ಬೇಟೆ ದಕ್ಕುವುದು. ಬಹುದೂರ ಅಟ್ಟಿಸಿಕೊಂಡು ಹೋಗುವ ಪ್ರಾಣಿ ಅದಲ್ಲ. ತಾನು ಕಣ್ಣಿಗೆ ಬಿದ್ದಾಯಿತೆಂದು ತಿಳಿದರೆ ಸಾಮಾನ್ಯವಾಗಿ ಬೇಟೆ ಕೈಬಿಟ್ಟು ನಡೆದುಬಿಡುತ್ತದೆ. ಓಡುವುದಕ್ಕಿಂತ ಅದನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದರಲ್ಲೇ ಜಿಂಕೆಗೆ ಕ್ಷೇಮ. ಇದನ್ನು ಪುಕ್ಕಲುತನ ಎನ್ನಲು ನನಗೆ ಮನಸ್ಸು ಬಾರದು.

ಸೀಳುನಾಯಿಗಳ ಲೆಕ್ಕವೇ ಬೇರೆ. ಗುಂಪಾಗಿ ಬೆನ್ನಟ್ಟಿ, ದಣಿಸಿ ಹಿಡಿಯುವ ಅವುಗಳ ಮುಂದೆ ಕೂಗಿ ಸಾರಿದರೆ ಏನು ಬಂತು? ಆಗ ಜಿಂಕೆ ಓಡಲೇಬೇಕು. ಕಡವೆ ಮಾತ್ರ ಅನೇಕ ಸಲ ನೀರಿಗಿಳಿದು ನಿಲ್ಲುತ್ತದೆ. ಅದರ ಕಾಲಿಗೆ ನೆಲ ಸಿಗುವ ಆಳದಲ್ಲಿ ಸೀಳುನಾಯಿ ಈಜಬೇಕು. ಎಂಥ ಚೆಂದದ ಉಪಾಯ!

ಮೂಗು, ಕಿವಿ, ತಲೆಯ ಎರಡು ಪಕ್ಕಕ್ಕಿರುವ ಕಣ್ಣುಗಳು ಹೇಗೂ ಇವೆ. ಸಾಲದ್ದಕ್ಕೆ ಮರದ ಮೇಲಿನ ಕರಿಮೊಗದ ಕೋತಿ ಮುಸಿಯದ ಕಣ್ಣನ್ನೂ ಜಿಂಕೆ ನೆಚ್ಚಿಕೊಂಡಿದೆ. ಮುಸಿಯ ಕೆಮ್ಮಿದಂತೆ ಕೂಗಿದರೆ ಕೆಳಗೆ ಮೇಯುವ ಹಿಂಡು ತಲೆಯೆತ್ತುತ್ತದೆ. ಮುಸಿಯ ಉದುರಿಸಿದ ಎಲೆ, ಕಾಯಿಗಳೂ ಜಿಂಕೆಗೆ ಮೇವು.

ಆದರೆ ನಿನ್ನ 'ಪಾಪ'ದಲ್ಲಿ ನಿಜವೂ ಇದೆ. ತಲೆಯೆತ್ತಿ ನೋಡುವ ಹೊತ್ತು ಮೇಯುವ ಹೊತ್ತಲ್ಲ. ಕೆನಡಾದಲ್ಲಿ ವಿಜ್ಞಾನಿ ಲಿಯಾನಾ ಝನೆಟ್ ಮತ್ತು ಸಂಗಡಿಗರು ಒಂದು ಜಾತಿಯ ಹಾಡುಗುಬ್ಬಿಗಳ ಗೂಡುಗಳಿಗೆ ಬೇಲಿ, ಬಲೆ ಕಟ್ಟಿ ಕಾಪಾಡಿದರು. ಸುತ್ತ ಬೇಟೆಗಾರ ಪ್ರಾಣಿಗಳ ದನಿಯನ್ನಷ್ಟೇ ಕೇಳಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಓದಿ ನನಗೆ ಸಂಕಟವಾಯಿತು. ಯಾವ ಪ್ರಾಣಿಯೂ ಗೂಡು ಮುಟ್ಟದಿದ್ದರೂ, ಆ ವರ್ಷ ಬೆಳೆದು ಹೊರಬಿದ್ದ ಮರಿಗಳು ಶೇಕಡಾ 40ರಷ್ಟು ಕಡಿಮೆ. ಹೆದರಿದ ತಾಯಿಹಕ್ಕಿಗಳು ಕಡಿಮೆ ಮೊಟ್ಟೆಯಿಟ್ಟವು, ಮರಿಗಳಿಗೆ ಕಡಿಮೆ ಗುಟುಕು ತಂದವು.

ಬೇಸಿಗೆ ರಜೆಗೆ ಖಂಡಿತ ಬಾ, ದಮ್ಮನಕಟ್ಟೆಯಿಂದ ಸಫಾರಿಗೆ ಹೋಗೋಣ. ಹುಲಿಗಾಗಿ ಪೊದೆ ಪೊದೆ ಹುಡುಕುವುದು ಬೇಡ. ಜಿಂಕೆಯ ಹಿಂಡು ಎತ್ತ ಮುಖ ಮಾಡಿದೆ ಎಂದು ನೋಡು. ಒಂದೇ ಒಂದು ಕೂಗಾದರೆ ಅದು ಸುಳ್ಳು ಗಾಬರಿಯೂ ಇರಬಹುದು. ಕಡವೆಯೂ ದನಿಗೂಡಿಸಿ ಬಿಡದೆ ಕೂಗತೊಡಗಿದರೆ ಚಾಲಕರಿಗೆ ಜೀಪು ನಿಲ್ಲಿಸಲು ನಾನೇ ಹೇಳುತ್ತೇನೆ.

ನಿನ್ನ ಗೆಳೆಯ